ಮೊದಲ ಮೆಟ್ಟಿಲಿನ ವಾಹನ

ವಾಹನ ವ್ಯಾಪಾರಿಗಳ ಪರಿಭಾಷೆಯಲ್ಲಿ 'ಎಂಟ್ರಿ ಲೆವೆಲ್' ಎಂಬ ಮಾತೊಂದು ಬಳಕೆಯಲ್ಲಿದೆ. ಪ್ರವೇಶದ ಮಟ್ಟ, ಅಂದರೆ ಮೊದಲ ಮೆಟ್ಟಿಲು ಎಂದು ಅದರ ತಾತ್ಪರ್ಯ. ಕೇಳುವುದಕ್ಕೆ ವಿನಯದ ಮಾತು. ಆದರೆ ಸ್ವಲ್ಪ ನಿಂತು ವಿಚಾರಿಸಿದರೆ ಅದರೊಳಗೆ ಒಂದು ಸೂಚನೆ ಅಡಗಿರುವುದು ತಿಳಿಯುತ್ತದೆ. ಒಂದು ವಸ್ತುವನ್ನು ಮೊದಲ ಮೆಟ್ಟಿಲೆಂದು ಕರೆದ ಮೇಲೆ ಅದರ ಮೇಲೆ ಇನ್ನೊಂದು ಮೆಟ್ಟಿಲು ಇರಲೇಬೇಕು. ಕೊಂಡವನು ಅಲ್ಲಿಯೇ ನಿಂತರೆ ಅವನು ಅರ್ಧ ದಾರಿಯಲ್ಲಿ ನಿಂತವನಂತೆ ತೋರಬೇಕು. ಅಕ್ಕಿ ಕೊಳ್ಳಲು ಬಂದವನಿಗೆ ಯಾವ ಅಂಗಡಿಯವನೂ ಇದು ಪ್ರವೇಶದ ಮಟ್ಟದ ಅಕ್ಕಿ ಎಂದು ಹೇಳುವುದಿಲ್ಲ. ಹಸಿವಿಗೆ ಮೆಟ್ಟಿಲುಗಳಿಲ್ಲ, ಬಯಕೆಗೆ ಇವೆ.

ಈ ಮಾತು ಹೆಚ್ಚು ಸಲ್ಲುವುದು ಕ್ರೂಸರ್ ಎಂಬ ಜಾತಿಯ ಮೋಟಾರ್ ಸೈಕಲ್ಲಿಗೆ. ಉದ್ದನೆಯ ಮೈ, ತಗ್ಗಿದ ಆಸನ, ಸವಾರನ ಕಡೆಗೆ ಬಾಗಿ ಬಂದ ಎತ್ತರದ ಹ್ಯಾಂಡಲ್, ಮುಂದಕ್ಕೆ ಚಾಚಿದ ಕಾಲುಗಳು, ಹನಿಯ ಆಕಾರದ ಪೆಟ್ರೋಲ್ ಟ್ಯಾಂಕು, ಅಲ್ಲಲ್ಲಿ ಹೊಳೆಯುವ ಕ್ರೋಮ್ ಲೇಪ: ಇಷ್ಟು ಲಕ್ಷಣಗಳನ್ನು ಕಂಡರೆ ಯಂತ್ರಗಳ ವಿಷಯ ಏನೂ ಅರಿಯದವರೂ ಇದು ಬೇರೆಯದೊಂದು ಗಾಡಿ ಎಂದು ಗುರುತಿಸುತ್ತಾರೆ. ಹಾಲಿನ ಕ್ಯಾನು ಹೊರುವ ಬೈಕಿಗೂ ಇದಕ್ಕೂ ಇರುವ ವ್ಯತ್ಯಾಸ ಎಂಜಿನ್ನಿಗಿಂತ ಹೆಚ್ಚಾಗಿ ಭಂಗಿಯಲ್ಲಿದೆ. ಇದರ ಮೇಲೆ ಕುಳಿತವನು ಎಲ್ಲಿಗೋ ಬೇಗ ತಲುಪಬೇಕಾದವನಂತೆ ಕಾಣುವುದಿಲ್ಲ. ತಲುಪಬೇಕಾದ ಸ್ಥಳವೇ ಇಲ್ಲದವನಂತೆ ಕಾಣುತ್ತಾನೆ. ಅದೇ ಇದರ ಆಕರ್ಷಣೆಯ ತಿರುಳು.

ಈ ಭಂಗಿಗೆ ಒಂದು ಚರಿತ್ರೆಯಿದೆ. ಎರಡನೆಯ ಮಹಾಯುದ್ಧ ಮುಗಿದು ಅಮೆರಿಕೆಗೆ ಹಿಂದಿರುಗಿದ ಸೈನಿಕರಲ್ಲಿ ಅನೇಕರು ಹಳೆಯ ಮೋಟಾರ್ ಸೈಕಲ್ಲುಗಳನ್ನು ಅಗ್ಗದ ಬೆಲೆಗೆ ಕೊಂಡು, ಮುಂದಿನ ಮಡ್ಗಾರ್ಡನ್ನು ಕಳಚಿ, ಹಿಂದಿನದನ್ನು ಮೊಟಕುಗೊಳಿಸಿ, ಬೇಡವಾದ ಭಾರವನ್ನೆಲ್ಲ ಕಿತ್ತೆಸೆದು ಓಡಿಸತೊಡಗಿದರು. ಮೊಟಕು ಮಾಡಿದ ಈ ಗಾಡಿಗಳಿಗೆ 'ಬಾಬರ್' ಎಂಬ ಹೆಸರಾಯಿತು. 1960ರ ದಶಕದಲ್ಲಿ ಫ್ರೇಮನ್ನೇ ಕತ್ತರಿಸಿ, ಮುಂದಿನ ಫೋರ್ಕನ್ನು ಉದ್ದವಾಗಿಸಿದ 'ಚಾಪರ್'ಗಳು ಬಂದವು. 1969ರಲ್ಲಿ ತೆರೆಕಂಡ 'ಈಜಿ ರೈಡರ್' ಚಲನಚಿತ್ರ, ಲಾಸ್ ಏಂಜಲೀಸಿನಿಂದ ನ್ಯೂ ಆರ್ಲಿಯನ್ಸಿನ ಕಡೆಗೆ ಹೊರಟ ಇಬ್ಬರು ಸವಾರರ ಮೂಲಕ, ಈ ವಾಹನಗಳನ್ನು ಜಗತ್ತಿಗೆಲ್ಲ ತೋರಿಸಿತು. ಆ ಚಿತ್ರದ ಕೊನೆಯಲ್ಲಿ ಆ ಇಬ್ಬರೂ ರಸ್ತೆಯಲ್ಲಿ ಗುಂಡೇಟಿಗೆ ಬಲಿಯಾಗುತ್ತಾರೆ. ಅದನ್ನು ಮೆಚ್ಚಿ ಮಾತನಾಡುವವರು ಆ ಭಾಗವನ್ನು ನೆನೆಯುವುದು ಅಪರೂಪ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆರಂಭದಲ್ಲಿ 'ಕಸ್ಟಮ್' ಎಂದರೆ ಒಬ್ಬ ಮನುಷ್ಯ ತನ್ನ ಶೆಡ್ಡಿನಲ್ಲಿ, ತನ್ನ ಕೈಯಿಂದ, ತನ್ನ ಗಾಡಿಯನ್ನು ತನಗೆ ಬೇಕಾದಂತೆ ತಿದ್ದಿಕೊಂಡದ್ದು ಎಂದು ಅರ್ಥವಿತ್ತು. ಅದು ಖರ್ಚಿನ ಕೆಲಸವಾಗಿರಲಿಲ್ಲ, ಶ್ರಮದ ಕೆಲಸವಾಗಿತ್ತು. ವಸ್ತುಗಳನ್ನು ಸೇರಿಸುವುದಕ್ಕಿಂತ ತೆಗೆದುಹಾಕುವುದೇ ಅದರಲ್ಲಿ ಹೆಚ್ಚಾಗಿತ್ತು. 1971ರಲ್ಲಿ ಹಾರ್ಲಿ-ಡೇವಿಡ್‌ಸನ್ ಕಂಪನಿಯು ವಿಲ್ಲಿ ಜಿ. ಡೇವಿಡ್‌ಸನ್ ಅವರು ರೂಪಿಸಿದ 'ಸೂಪರ್ ಗ್ಲೈಡ್' ಮಾದರಿಯನ್ನು ಮಾರುಕಟ್ಟೆಗೆ ತಂದಾಗ, ಜನರು ತಾವೇ ಮಾಡಿಕೊಳ್ಳುತ್ತಿದ್ದ ಆ ತಿದ್ದುಪಡಿಯನ್ನು ಕಾರ್ಖಾನೆಯೇ ಮಾಡಿಕೊಡುವ ಪದ್ಧತಿ ಆರಂಭವಾಯಿತು. 1976ರಲ್ಲಿ ಜಪಾನಿನ ಕವಾಸಾಕಿ, ಆನಂತರ ಯಮಾಹಾ ಅದೇ ಹಾದಿ ಹಿಡಿದವು. ಹೀಗೆ ಒಬ್ಬನ ವೈಶಿಷ್ಟ್ಯವೆಂದು ಎಣಿಸಿದ್ದು ಸಾವಿರಾರು ಸಂಖ್ಯೆಯಲ್ಲಿ ಒಂದೇ ಅಚ್ಚಿನಿಂದ ಹೊರಬರತೊಡಗಿತು. ಕೊಳ್ಳುವವನು ತನ್ನತನವನ್ನು ಕೊಳ್ಳುತ್ತಿದ್ದಾನೆ. ಅವನ ಹಿಂದೆ ಸಾಲಿನಲ್ಲಿ ನಿಂತವನೂ ಅದೇ ತನ್ನತನವನ್ನು, ಅದೇ ಬಣ್ಣದಲ್ಲಿ, ಕೊಳ್ಳುತ್ತಿದ್ದಾನೆ.

ದೊಡ್ಡ ಗಾಡಿಗಳ ಬೆಲೆ ಸಾಮಾನ್ಯರಿಗೆ ಎಟುಕುವಂಥದಲ್ಲ. ಆದ್ದರಿಂದ ಮೊದಲ ಮೆಟ್ಟಿಲಿನ ಅವಶ್ಯಕತೆ ಹುಟ್ಟಿತು. 1986ರ ಮಾದರಿಯಾಗಿ ಬಂದ 883 ಸಿ.ಸಿ.ಯ 'ಸ್ಪೋರ್ಟ್‌ಸ್ಟರ್' ಗಾಡಿಯ ಬೆಲೆ ಅಮೆರಿಕೆಯಲ್ಲಿ 3,995 ಡಾಲರ್. ಹೊಸ ಎಂಜಿನ್, ನಾಲ್ಕು ಗೇರು, ಅಲಂಕಾರ ಕಡಿಮೆ. ಮರುವರ್ಷ, 1987ರಲ್ಲಿ, ಕಂಪನಿಯು ಒಂದು ಯೋಜನೆಯನ್ನು ಪ್ರಕಟಿಸಿತು. 883 ಕೊಂಡವನು ಅದನ್ನು ಹಿಂದಿರುಗಿಸಿ ಹಾರ್ಲಿಯ ದೊಡ್ಡ ಮಾದರಿಯೊಂದನ್ನು ಕೊಳ್ಳುವುದಾದರೆ ಹಳೆಯದರ ಪೂರ್ಣ ಬೆಲೆಯನ್ನು ವಜಾ ಮಾಡಿಕೊಳ್ಳಲಾಗುವುದು ಎಂದು. ವ್ಯಾಪಾರದ ಬುದ್ಧಿವಂತಿಕೆಯ ದೃಷ್ಟಿಯಿಂದ ಇದಕ್ಕಿಂತ ಸೊಗಸಾದ ಉಪಾಯವನ್ನು ಊಹಿಸುವುದು ಕಷ್ಟ. ಮೊದಲ ಮೆಟ್ಟಿಲು ಉಚಿತ, ಆದರೆ ಎರಡನೆಯದನ್ನು ಹತ್ತಿದವನಿಗೆ ಮಾತ್ರ. ಕೊಂಡ ವಸ್ತುವಿನಲ್ಲಿ ತೃಪ್ತನಾಗಿ ಉಳಿದವನಿಗೆ ಆ ಲಾಭವಿಲ್ಲ. ತೃಪ್ತಿಯ ಮೇಲೆ ವಿಧಿಸಿದ ತೆರಿಗೆಯೆಂದು ಇದನ್ನು ಕರೆದರೆ ತಪ್ಪಾಗಲಾರದು.

ಜಪಾನಿನ ಹೋಂಡಾ ಕಂಪನಿ 1985ರಲ್ಲಿ ತಂದ 'ರೆಬೆಲ್ 250' ಇನ್ನೊಂದು ಬಗೆಯದು. ಹೆಸರಿಗೆ ಬಂಡಾಯಗಾರ, ಸ್ವಭಾವದಲ್ಲಿ ಪರಮ ಸಾಧು. 234 ಸಿ.ಸಿ.ಯ ಎರಡು ಸಿಲಿಂಡರುಗಳ ಎಂಜಿನ್, ಒಂದೂವರೆ ಕ್ವಿಂಟಲ್ ತೂಕ, ಮೊಣಕಾಲಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲಿರುವ ಆಸನ. ಅಮೆರಿಕೆಯ ಸವಾರಿ ತರಬೇತಿ ಶಾಲೆಗಳಲ್ಲಿ ಹೊಸಬರಿಗೆ ಕಲಿಸಲು ಈ ಗಾಡಿಯನ್ನು ವರ್ಷಗಟ್ಟಲೆ ಬಳಸಿದರು. ಬೀಳಿಸಿದರೂ ಕೆಡದು, ಅವಸರಪಟ್ಟರೂ ಹಾರದು. 2017ರ ಮಾದರಿಗಳಲ್ಲಿ 300 ಮತ್ತು 500 ಸಿ.ಸಿ.ಯ ಹೊಸ ರೆಬೆಲ್‌ಗಳು ಬರುವ ತನಕ, ಮೂವತ್ತು ವರ್ಷಗಳಿಗೂ ಮಿಕ್ಕ ಅವಧಿಯಲ್ಲಿ ಅದರ ಸ್ವರೂಪ ಹೆಚ್ಚೇನೂ ಬದಲಾಗಲಿಲ್ಲ.

ಭಾರತದಲ್ಲಿ ಈ ವರ್ಗದ ಕಥೆ 2001ರಲ್ಲಿ ಬಜಾಜ್ ಕಂಪನಿ ಕವಾಸಾಕಿಯ ಸಹಯೋಗದಲ್ಲಿ ತಂದ 175 ಸಿ.ಸಿ.ಯ 'ಎಲಿಮಿನೇಟರ್' ಗಾಡಿಯಿಂದ ಗಟ್ಟಿಯಾಗಿ ಮೊದಲಾಯಿತು. ಅದರ ಬೆಲೆ ಹೆಚ್ಚೆನಿಸಿದ್ದರಿಂದ 2005ರಲ್ಲಿ ಅದೇ ಮೈಗೆ ಸ್ವದೇಶದ ಎಂಜಿನ್ ಜೋಡಿಸಿ 'ಅವೆಂಜರ್' ಎಂಬ ಹೆಸರಿನಿಂದ ಮಾರಿದರು. 180 ಸಿ.ಸಿ. ಇದ್ದದ್ದು 2007ರಲ್ಲಿ 200 ಆಯಿತು, 2010ರಲ್ಲಿ 220 ಆಯಿತು. ದೇವರಾದಂತೆ ಭಾವಿಸು ಎಂಬ ಅರ್ಥದ ಇಂಗ್ಲಿಷ್ ಘೋಷಣೆಯೊಂದು ಅದರ ಜಾಹೀರಾತಿನಲ್ಲಿ ಬಹುಕಾಲ ಮೆರೆಯಿತು. ಹತ್ತೊಂಬತ್ತು ಅಶ್ವಶಕ್ತಿಯ ಯಂತ್ರದ ಮೇಲೆ ಕುಳಿತು ಹೊಂದಬಹುದಾದ ಪದವಿ ಅದೆಂದು ಯಾವ ಶಾಸ್ತ್ರವೂ ಹೇಳಿಲ್ಲವೆಂಬುದು ಬಸದಿಗಳಿಗೆ ಹೋಗುವ ಕುಟುಂಬಗಳಿಗೆ ಬೇರೆ ತಿಳಿಸಬೇಕಾಗಿಲ್ಲ. ಇತ್ತ ಹಾರ್ಲಿ-ಡೇವಿಡ್‌ಸನ್ 2014ರಲ್ಲಿ ಹರಿಯಾಣದ ಬಾವಲ್‌ನಲ್ಲಿ ತಯಾರಿಸಿದ 'ಸ್ಟ್ರೀಟ್ 750' ಗಾಡಿಯನ್ನು ನಾಲ್ಕು ಲಕ್ಷಕ್ಕೆ ಸ್ವಲ್ಪ ಮಿಕ್ಕ ಬೆಲೆಗೆ ತನ್ನ ಮೊದಲ ಮೆಟ್ಟಿಲಾಗಿ ಇಟ್ಟಿತು. 2020ರಲ್ಲಿ ಇಲ್ಲಿನ ತಯಾರಿಕೆಯನ್ನು ನಿಲ್ಲಿಸಿತು. 2023ರಲ್ಲಿ ಹೀರೊ ಕಂಪನಿಯೊಡನೆ ಸೇರಿ 440 ಸಿ.ಸಿ.ಯ ಇನ್ನೊಂದು ಗಾಡಿಯನ್ನು, ಆರಂಭದಲ್ಲಿ 2.29 ಲಕ್ಷಕ್ಕೆ, ಮತ್ತೂ ಕೆಳಗಿನ ಮೆಟ್ಟಿಲಾಗಿ ತಂದಿತು.

ಇಷ್ಟಾದ ಮೇಲೆ ಈ ಗಾಡಿಯ ಆಕರ್ಷಣೆಯೆಲ್ಲ ಭ್ರಮೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅದರಲ್ಲಿ ನಿಜವಾದ ಗುಣಗಳಿವೆ. ಹುಬ್ಬಳ್ಳಿಯ ಒಂದು ಧಾನ್ಯ ವ್ಯಾಪಾರದ ಮನೆತನದ ಯುವಕನ ವೃತ್ತಾಂತವನ್ನು ಇಲ್ಲಿ ನೆನೆಯಬಹುದು. ಅವನ ಎತ್ತರ ಐದು ಅಡಿ ಮೂರು ಅಂಗುಲ. ಕಾಲೇಜಿಗೆ ಹೋಗುವ ದಿನಗಳಲ್ಲಿ ಸ್ನೇಹಿತರ ಬೈಕುಗಳನ್ನು ಓಡಿಸುವಾಗ ಸಿಗ್ನಲಿನಲ್ಲಿ ನಿಂತರೆ ಅವನ ಒಂದು ಕಾಲಿನ ಬೆರಳ ತುದಿಗಳು ಮಾತ್ರ ನೆಲಕ್ಕೆ ತಾಗುತ್ತಿದ್ದವು. ಒಮ್ಮೆ ದುರ್ಗದ ಬೈಲಿನ ಜನಜಂಗುಳಿಯಲ್ಲಿ ಗಾಡಿ ಒಂದು ಕಡೆಗೆ ವಾಲಿ, ಹಿಂದೆ ಕುಳಿತಿದ್ದ ತಾಯಿಯೊಡನೆ ಬಿದ್ದಿದ್ದ. ತಾಯಿಗೆ ಮೊಣಕೈ ತರಚಿದ್ದಷ್ಟೇ. ಆದರೆ ಸುತ್ತ ನೆರೆದವರಲ್ಲಿ ಯಾರೋ ನಕ್ಕದ್ದು ಅವನ ಮನಸ್ಸಿನಲ್ಲಿ ಉಳಿಯಿತು. 2017ರಲ್ಲಿ ಅವನು ಶೋರೂಮಿನಲ್ಲಿ 220 ಸಿ.ಸಿ.ಯ ಕ್ರೂಸರ್ ಒಂದರ ಮೇಲೆ ಕುಳಿತಾಗ ಎರಡೂ ಪಾದಗಳು ಹಿಮ್ಮಡಿಸಮೇತ ನೆಲದ ಮೇಲೆ ನಿಂತವು. ಸಾಮಾನ್ಯ ಬೈಕುಗಳ ಆಸನ ನೆಲದಿಂದ 785ರಿಂದ 800 ಮಿಲಿಮೀಟರ್ ಎತ್ತರದಲ್ಲಿದ್ದರೆ ಇಂಥ ಗಾಡಿಗಳಲ್ಲಿ ಅದು 740ರ ಆಸುಪಾಸಿಗೆ ಇಳಿಯುತ್ತದೆ. ಐದು ಸೆಂಟಿಮೀಟರಿನ ಆ ಅಂತರ ಎತ್ತರದವರಿಗೆ ಲೆಕ್ಕಕ್ಕೇ ಬಾರದ್ದು. ಅವನಿಗೆ ಅದು ಅಭಯ. ಗಿಡ್ಡ ಮೈಕಟ್ಟಿನವರು, ಹೊಸದಾಗಿ ಕಲಿಯುವ ಹೆಣ್ಣುಮಕ್ಕಳು, ಮಂಡಿ ಸೋತ ಹಿರಿಯರು ಇಂಥ ಗಾಡಿಯನ್ನು ಮೆಚ್ಚುವುದಕ್ಕೆ ಸಿನಿಮಾ ಕಾರಣವಲ್ಲ, ಅಂಗರಚನೆ ಕಾರಣ.

ಅದರ ಎಂಜಿನ್ನಿನ ಸ್ವಭಾವವೂ ಒಳ್ಳೆಯದು. ಕಡಿಮೆ ಸುತ್ತಿನಲ್ಲಿಯೇ ಎಳೆಯುವ ಶಕ್ತಿಯನ್ನು ಕೊಡುವಂತೆ ಹದಗೊಳಿಸಿರುವುದರಿಂದ ಪದೇ ಪದೇ ಗೇರು ಬದಲಿಸುವ ತೊಂದರೆಯಿಲ್ಲ. ಗಂಟೆಗೆ 60ರಿಂದ 80 ಕಿಲೋಮೀಟರ್ ವೇಗದಲ್ಲಿ ಅದು ತನ್ನ ನೆಲೆಯನ್ನು ಕಂಡುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಕೇಳು ಎಂದು ಸವಾರನನ್ನು ಕೆರಳಿಸುವುದಿಲ್ಲ. ಮುಂದೆ ಬಾಗಿ ಕುಳಿತು ಓಡಿಸುವ ಸ್ಪರ್ಧೆಯ ಬೈಕುಗಳು ಹರೆಯದವರ ರಕ್ತವನ್ನು ಕುದಿಸುವ ರೀತಿಯನ್ನು ನೋಡಿದ ತಂದೆತಾಯಿಗಳಿಗೆ ಇದು ಸಣ್ಣ ಸಮಾಧಾನವಲ್ಲ.

ಯುವಕನ ತಂದೆ ಮೊದಲು ಒಪ್ಪಲಿಲ್ಲ. ಬೆಲೆ ಲಕ್ಷ ರೂಪಾಯಿಯನ್ನು ಮೀರಿತ್ತು, ಮೂರು ವರ್ಷದ ಕಂತಿನ ಸಾಲ ಮಾಡಬೇಕಾಗಿತ್ತು. ಆದರೆ ಅವರ ಆಕ್ಷೇಪ ಹಣದ್ದಲ್ಲ. ಶೋರೂಮಿನಲ್ಲಿ ಗಾಡಿಯ ಸುತ್ತ ಒಂದು ಸುತ್ತು ಬಂದು, ಹಿಂದಿನ ಆಸನವನ್ನು ಕೈಯಿಂದ ಒತ್ತಿ ನೋಡಿ, ಅವರು ಅಂದದ್ದು ಇಷ್ಟೇ: "ಇದು ಒಬ್ಬಾಂವ ಕುಂದ್ರೂ ಗಾಡಿ ಐತಿ ತಮ್ಮಾ. ಮನಿ ಗಾಡಿ ಅಲ್ಲ." ಮಗ ಉತ್ತರ ಕೊಡಲಿಲ್ಲ. ತಾಯಿಯೇ ನಡುವೆ ಬಂದು, "ಇರ್ಲಿ ಬಿಡ್ರಿ, ಅಂವಗ ಕಾಲು ಮುಟ್ಟತಾವ," ಎಂದು ಮಾತು ಮುಗಿಸಿದರು. ಬಿದ್ದ ದಿನದ ನೆನಪು ಅವರಿಗೂ ಇತ್ತು.

ತಂದೆಯ ಮಾತು ಎಷ್ಟು ನಿಜವೆಂಬುದು ತಿಂಗಳೊಪ್ಪತ್ತಿನಲ್ಲಿ ತಿಳಿಯಿತು. ಆ ಮನೆಯ ಬೆಳಗು ಬಸದಿಯ ದರ್ಶನದಿಂದ ಮೊದಲಾಗುತ್ತದೆ. ತಾಯಿಯನ್ನು ಕರೆದೊಯ್ಯುವುದು ಮಗನ ಕೆಲಸ. ಸೀರೆ ಉಟ್ಟವರು ಒಂದೇ ಬದಿಗೆ ಕಾಲಿಟ್ಟು ಕುಳಿತುಕೊಳ್ಳುವುದು ಈ ದೇಶದ ರೂಢಿ. ಅದಕ್ಕಾಗಿಯೇ ಹಿಡಿಕೆ, ಕಾಲಿಡುವ ಪಟ್ಟಿ, ಚಕ್ರಕ್ಕೆ ಸೀರೆ ಸಿಗದಂತೆ ತಡೆ ಇರಬೇಕೆಂದು ಮೋಟಾರು ವಾಹನ ನಿಯಮಗಳೂ ವಿಧಿಸಿವೆ. ಕ್ರೂಸರಿನ ಮೂಲ ಕಲ್ಪನೆಯಲ್ಲಿ ಆ ಸ್ತ್ರೀಗೆ ಸ್ಥಳವಿಲ್ಲ. ಹಿಂದಿನ ಆಸನದ ಬೆನ್ನೊರಗು ಎರಡೂ ಬದಿಗೆ ಕಾಲಿಟ್ಟು ಕುಳಿತವರಿಗೆ ಸುಖ; ಒಂದೇ ಬದಿಗೆ ಕುಳಿತವರಿಗೆ ಅದೇ ಸರಳು ಸೊಂಟಕ್ಕೆ ಒತ್ತುತ್ತದೆ. ಕೈಯಲ್ಲಿ ಪೂಜೆಯ ಬುಟ್ಟಿ ಬೇರೆ. ಎರಡು ತಿಂಗಳಾದ ಮೇಲೆ ತಾಯಿ ಆಟೋದಲ್ಲಿ ಹೋಗುವುದನ್ನು ರೂಢಿಸಿಕೊಂಡರು. ಯಾರೂ ಅದರ ಬಗ್ಗೆ ಮಾತೆತ್ತಲಿಲ್ಲ. ಅಂಗಡಿಗೆ ಜೋಳದ ಚೀಲ ಸಾಗಿಸಬೇಕಾದಾಗಲಂತೂ ಆ ಗಾಡಿಯನ್ನು ನೆನೆಯುವಂತೆಯೇ ಇರಲಿಲ್ಲ. ಹಳೆಯ ಸ್ಕೂಟರನ್ನು ಮಾರುವ ಯೋಚನೆ ಕೈಬಿಟ್ಟುಹೋಯಿತು. ಒಂದು ವಾಹನ ಇದ್ದ ಮನೆಯಲ್ಲಿ ಎರಡಾದವು.

ಯಂತ್ರದ ಮಿತಿಗಳನ್ನು ಇನ್ನಷ್ಟು ಸ್ಪಷ್ಟವಾಗಿ ತಿಳಿಯಬೇಕಾದರೆ ಅವನು 2018ರ ಫೆಬ್ರವರಿಯಲ್ಲಿ ಮಹಾಮಸ್ತಕಾಭಿಷೇಕಕ್ಕೆಂದು ಶ್ರವಣಬೆಳಗೊಳಕ್ಕೆ ಅದೇ ಗಾಡಿಯ ಮೇಲೆ ಒಬ್ಬನೇ ಹೋದದ್ದನ್ನು ನೋಡಬೇಕು. ಹಾವೇರಿ, ದಾವಣಗೆರೆ, ಚಿತ್ರದುರ್ಗಗಳ ಮೂಲಕ ಹಿರಿಯೂರಿನವರೆಗೆ ರಾಷ್ಟ್ರೀಯ ಹೆದ್ದಾರಿ. ಅಲ್ಲಿ ಗಾಡಿ ತನ್ನ ಜನ್ಮದ ಉದ್ದೇಶವನ್ನು ಸಾರ್ಥಕಪಡಿಸಿಕೊಂಡಿತು. ಸಾಮಾನ್ಯ ಬೈಕಿನಲ್ಲಿ ಮುಂದಿನ ಫೋರ್ಕು ಲಂಬದಿಂದ 25 ಡಿಗ್ರಿಯಷ್ಟು ಓರೆಯಾಗಿದ್ದರೆ ಕ್ರೂಸರಿನಲ್ಲಿ ಅದು 30 ಡಿಗ್ರಿಯನ್ನೂ ಮೀರುವುದುಂಟು. ಎರಡು ಚಕ್ರಗಳ ನಡುವಿನ ಅಂತರ ಒಂದೂವರೆ ಮೀಟರಿನಷ್ಟು. ಈ ಎರಡರ ಫಲವಾಗಿ ನೇರ ರಸ್ತೆಯಲ್ಲಿ ಗಾಡಿ ಹಳಿಯ ಮೇಲೆ ಹೋದಂತೆ ಹೋಗುತ್ತದೆ, ಸಣ್ಣ ಕುಲುಕಿಗೆ ವಿಚಲಿತವಾಗುವುದಿಲ್ಲ. ಬಲಕ್ಕೆ ಬಯಲು, ಎಡಕ್ಕೆ ಗಾಳಿಯಂತ್ರಗಳ ಗುಡ್ಡ, ಎದುರಿಗೆ ನೀಳವಾದ ರಸ್ತೆ. ಎರಡು ತಾಸಿನ ಆ ಸುಖವನ್ನು ಅವನು ಈಗಲೂ ಕೊಂಡಾಡುತ್ತಾನೆ. ಕೊಂಡಾಡಬೇಕಾದದ್ದೇ.

ಹಿರಿಯೂರಿನಲ್ಲಿ ಹೆದ್ದಾರಿಯನ್ನು ಬಿಟ್ಟು ಹುಳಿಯಾರು, ತಿಪಟೂರು, ಚನ್ನರಾಯಪಟ್ಟಣಗಳ ಮಾರ್ಗ ಹಿಡಿದೊಡನೆ ಪರಿಸ್ಥಿತಿ ಬದಲಾಯಿತು. ಪ್ರತಿಯೊಂದು ಹಳ್ಳಿಯ ಮುಂದೆ ರಸ್ತೆಯುಬ್ಬು, ಶಾಲೆಯ ಮುಂದೆ ಇನ್ನೊಂದು, ಗುಡಿಯ ಮುಂದೆ ಮತ್ತೊಂದು. ಸಾಮಾನ್ಯ ಬೈಕಿನ ಸವಾರ ಉಬ್ಬು ಬಂದಾಗ ಕಾಲಿನ ಪಟ್ಟಿಯ ಮೇಲೆ ಭಾರ ಹಾಕಿ ಕೊಂಚ ಮೇಲೇಳುತ್ತಾನೆ. ಪೆಟ್ಟು ಮೊಣಕಾಲುಗಳಿಗೆ ಹೋಗುತ್ತದೆ. ಕ್ರೂಸರಿನಲ್ಲಿ ಕಾಲು ಮುಂದಕ್ಕೆ ಚಾಚಿರುವುದರಿಂದ ಏಳುವುದು ಸಾಧ್ಯವಿಲ್ಲ. ಕುರ್ಚಿಯಲ್ಲಿ ಕಾಲು ನೀಡಿ ಕುಳಿತವನು ಕೈ ಊರದೆ ಎದ್ದು ನೋಡಲಿ, ವಿಷಯ ತಿಳಿಯುತ್ತದೆ. ದೇಹದ ಭಾರವೆಲ್ಲ ಬೆನ್ನುಮೂಳೆಯ ತುದಿಯ ಮೇಲೆ. ಆಸನ ತಗ್ಗಿಸಲೆಂದು ಹಿಂದಿನ ಶಾಕ್ ಅಬ್ಸಾರ್ಬರುಗಳ ಓಡಾಟವನ್ನೂ ಮೊಟಕು ಮಾಡಿರುತ್ತಾರೆ. ಚಂದವಾಗಿ ಕಾಣುವ ತಗ್ಗಿನ ಬೆಲೆಯನ್ನು ಕಟ್ಟುವುದು ಸೊಂಟ. ವೇಗ 90ನ್ನು ದಾಟಿದರೆ ಇನ್ನೊಂದು ತೊಂದರೆ: ನೆಟ್ಟಗೆ ಕುಳಿತು ಎರಡು ಕೈಗಳನ್ನು ಚಾಚಿದ ಸವಾರನ ಎದೆ ಹಾಯಿಯಂತೆ ಗಾಳಿಯನ್ನು ಹಿಡಿಯುತ್ತದೆ, ತೋಳು ಸೋಲುತ್ತದೆ. ಇಕ್ಕಟ್ಟಿನ ತಿರುವುಗಳಲ್ಲಿ ಗಾಡಿ ಸುಲಭವಾಗಿ ಹೊರಳದು. ಹೆಚ್ಚು ಬಾಗಿಸಿದರೆ ಕಾಲಿನ ಪಟ್ಟಿ ನೆಲಕ್ಕೆ ಉಜ್ಜುತ್ತದೆ. ತಿಪಟೂರು ದಾಟುವ ಹೊತ್ತಿಗೆ ಅವನು ಅರ್ಧ ಗಂಟೆಗೊಮ್ಮೆ ಇಳಿದು ಎಳನೀರಿನ ನೆಪದಲ್ಲಿ ನಿಲ್ಲುತ್ತಿದ್ದ.

ಇವು ಒಂದು ಕಂಪನಿಯ ದೋಷಗಳಲ್ಲ, ಆ ಆಕೃತಿಯ ದೋಷಗಳು. ಹೆಚ್ಚು ಹಣ ಕೊಟ್ಟರೆ ಇವು ಮಾಯವಾಗುತ್ತವೆ ಎಂಬ ನಂಬಿಕೆಯೂ ಸರಿಯಲ್ಲ. 2010ರಲ್ಲಿ ಬಂದ ಹಾರ್ಲಿಯ 'ಫಾರ್ಟಿ-ಎಯ್ಟ್' ಮಾದರಿ 1200 ಸಿ.ಸಿ.ಯದು, ಹಳೆಯ ಕಡಲೆಕಾಯಿ ಆಕಾರದ ಟ್ಯಾಂಕಿನ ಸೊಗಸಿಗಾಗಿ ಅದರಲ್ಲಿ ಪೆಟ್ರೋಲಿಗೆ ಬಿಟ್ಟ ಜಾಗ ಎಂಟು ಲೀಟರಿಗೂ ಕಡಿಮೆ. ಅನಂತ ರಸ್ತೆಯ ಕನಸನ್ನು ಮಾರುವ ಗಾಡಿ ನೂರೈವತ್ತು ಕಿಲೋಮೀಟರಿನ ಸುಮಾರಿಗೆ ಬಂಕನ್ನು ಹುಡುಕಬೇಕಾಗುತ್ತದೆ. ಸ್ಪೋರ್ಟ್‌ಸ್ಟರ್ ಗಾಡಿಗಳ ಎಂಜಿನ್ನನ್ನು ರಬ್ಬರಿನ ಮೇಲೆ ಕೂರಿಸಿದ್ದು 2004ರಲ್ಲಿ. ಅಲ್ಲಿಯವರೆಗೆ ಅದರ ನಡುಕವೆಲ್ಲ ನೇರವಾಗಿ ಸವಾರನ ಅಂಗೈಗೇ. ಆ ನಡುಕವನ್ನೇ ಗಾಡಿಯ ಆತ್ಮವೆಂದು ಹೊಗಳುವವರಿದ್ದಾರೆ; ಅವರೊಡನೆ ವಾದ ಮಾಡಿ ಪ್ರಯೋಜನವಿಲ್ಲ.

ಮಿತಿಯನ್ನು ಕಂಡ ಸವಾರ ಗಾಡಿಯನ್ನು ತಿದ್ದಲು ಹೊರಡುತ್ತಾನೆ, ಅಲ್ಲಿಂದ ಇನ್ನೊಂದು ಅಧ್ಯಾಯ. ಹುಬ್ಬಳ್ಳಿಯ ಯುವಕನೂ ಸ್ನೇಹಿತರ ಮಾತಿಗೆ ಓಗೊಟ್ಟು ಸೈಲೆನ್ಸರನ್ನು ಬದಲಿಸಿದ. ಮೂಲ ಸೈಲೆನ್ಸರಿನ ಮೆಲುದನಿ ಆ ದೊಡ್ಡ ಮೈಗೆ ಒಪ್ಪುವುದಿಲ್ಲವೆಂಬ ಅಸಮಾಧಾನ ಈ ವರ್ಗದ ಒಡೆಯರಲ್ಲಿ ಸಾಮಾನ್ಯ. 175 ಸಿ.ಸಿ.ಗಿಂತ ದೊಡ್ಡ ಬೈಕುಗಳಿಗೆ ತಯಾರಿಕೆಯ ಹಂತದಲ್ಲಿ ಕಾನೂನು ವಿಧಿಸಿದ ಶಬ್ದದ ಮಿತಿ 80 ಡೆಸಿಬೆಲ್. ಪೇಟೆಯಲ್ಲಿ ಬಿಡಿಯಾಗಿ ಸಿಗುವ ಬೋಳು ಕೊಳವೆಗಳಿಗೆ ಅಂಥ ಮಿತಿಯ ಪರಿವೆಯಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಹೀಗಾಗಿ ಅಮೆರಿಕೆಯ ಶೆಡ್ಡುಗಳಲ್ಲಿ ಹುಟ್ಟಿದ 'ಕಸ್ಟಮ್' ಎಂಬ ಶಬ್ದ ಭಾರತಕ್ಕೆ ಬರುವಾಗ ತನ್ನ ಅರ್ಥವನ್ನು ಬಹುಮಟ್ಟಿಗೆ ದಡದಲ್ಲಿಯೇ ಬಿಟ್ಟು ಬಂದಿದೆ. ಇಲ್ಲಿ ಕೊಳ್ಳಬಹುದು, ಮಾಡಿಕೊಳ್ಳುವಂತಿಲ್ಲ. ಕರ್ನಾಟಕದ ಹಲವು ಪಟ್ಟಣಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರುಗಳನ್ನು ಸಾಲಾಗಿ ರಸ್ತೆಯ ಮೇಲೆ ಜೋಡಿಸಿ ರೋಲರ್ ಹಾಯಿಸಿದ ದೃಶ್ಯವನ್ನು ಓದುಗರು ಪತ್ರಿಕೆಗಳಲ್ಲಿ ನೋಡಿರಬಹುದು.

ಯುವಕನ ಸೈಲೆನ್ಸರು ಪೊಲೀಸರ ಕೈಗೆ ಸಿಗಲಿಲ್ಲ. ಪಕ್ಕದ ಮನೆಯಲ್ಲಿ ಎರಡು ತಿಂಗಳ ಕೂಸು ಇತ್ತು. ಅವನು ಮನೆ ಸೇರುವ ಹೊತ್ತಿಗೆ ಅದು ದಿನವೂ ಬೆಚ್ಚಿ ಏಳುತ್ತಿತ್ತೆಂದು ಆ ಮನೆಯ ಅಜ್ಜಿ, ದೂರಿನ ಧ್ವನಿಯಿಲ್ಲದೆ, ಗಡಿಯಾರದ ಸಮಯ ಹೇಳುವಂತೆ, "ನೀ ಬಂದಿ ಅಂತ ನಮ್ಮ ಕೂಸಿಗೆ ಎಲ್ಲಾರಕಿಂತ ಮೊದ್ಲ ಗೊತ್ತಾಗ್ತದ ನೋಡಪಾ," ಎಂದರು. ಹಿಂಸೆಯೆಂದರೆ ಆಯುಧ ಹಿಡಿಯುವುದು ಮಾತ್ರವಲ್ಲವೆಂದು ಬಾಲ್ಯದಿಂದ ಕೇಳುತ್ತ ಬಂದ ಮನೆಯ ಹುಡುಗನಿಗೆ ಹೆಚ್ಚು ಹೇಳಬೇಕಾಗಲಿಲ್ಲ. ಮರುದಿನವೇ ಗ್ಯಾರೇಜಿಗೆ ಹೋಗಿ ಹಳೆಯದನ್ನು ಹಾಕಿಸಿಕೊಂಡ. ಕೊಟ್ಟ ಹಣ ಹೋಯಿತು.

ಚರ್ಮದ ಪ್ರಶ್ನೆಯೂ ಈ ವಾಹನದೊಡನೆ ಹೆಣೆದುಕೊಂಡಿದೆ. ಚರ್ಮದ ಅಂಗಿ, ಚರ್ಮದ ಕೈಗವಸು, ಹಿಂಬದಿಯಲ್ಲಿ ತೂಗುವ ಚರ್ಮದ ಚೀಲ; ಇವಿಲ್ಲದ ಕ್ರೂಸರ್ ಸವಾರನ ಚಿತ್ರವೇ ಪೇಟೆಯಲ್ಲಿಲ್ಲ. ಇದರಲ್ಲಿ ಬರೀ ಶೋಕಿಯಿದೆ ಎನ್ನುವುದು ಅರ್ಧಸತ್ಯ. ಡಾಂಬರಿನ ಮೇಲೆ ಜಾರಿ ಬಿದ್ದವನ ಚರ್ಮವನ್ನು ದಪ್ಪನೆಯ ದನದ ಚರ್ಮ ಉಳಿಸುತ್ತದೆಂಬುದು ಅನುಭವಸಿದ್ಧ. ಒಂದು ಜೀವದ ತೊಗಲು ಇನ್ನೊಂದು ಜೀವದ ತೊಗಲನ್ನು ಕಾಯುವ ಈ ಏರ್ಪಾಡನ್ನು ಒಪ್ಪದವರು, ಹಾಗೆಂದು ತೆಳ್ಳನೆಯ ಹತ್ತಿ ಅಂಗಿಯಲ್ಲಿ ಹೆದ್ದಾರಿಗೆ ಇಳಿಯುವುದೂ ಮೂರ್ಖತನ. ಇಂದು ಗಟ್ಟಿ ನೈಲಾನಿನ ನೇಯ್ಗೆಯಲ್ಲಿ, ಭುಜಕ್ಕೂ ಮೊಣಕೈಗೂ ಕವಚವಿಟ್ಟು ಹೊಲಿದ ಅಂಗಿಗಳು ಸಿಗುತ್ತವೆ. ಯೂರೋಪಿನಲ್ಲಿ 2020ರಿಂದ ಜಾರಿಯಲ್ಲಿರುವ ಇಎನ್ 17092 ಎಂಬ ಮಾನಕವು ಉಡುಪು ಯಾವ ವಸ್ತುವಿನದೆಂಬ ಭೇದವೆಣಿಸದೆ ಸವೆತವನ್ನು ಎಷ್ಟು ತಡೆಯುತ್ತದೆಂಬುದನ್ನೇ ಪರೀಕ್ಷಿಸಿ ಎಎಎ, ಎಎ, ಎ ಎಂದು ದರ್ಜೆ ಕೊಡುತ್ತದೆ. ಯುವಕನ ತಾಯಿ ಮೊದಲ ದಿನವೇ ಆಸನದ ಹೊದಿಕೆಯನ್ನು ಮೂಸಿ ನೋಡಿ ರೆಕ್ಸಿನ್ ಎಂದು ಖಾತ್ರಿಪಡಿಸಿಕೊಂಡಿದ್ದರು. ಚೀಲಗಳು ಕ್ಯಾನ್ವಾಸಿನವು ಬಂದವು. ಹೆಲ್ಮೆಟ್ ವಿಷಯದಲ್ಲಿ ಮಾತ್ರ ಅವನು ಅನೇಕ ಕ್ರೂಸರ್ ಸವಾರರಂತೆ ಅರ್ಧ ತಲೆ ಮುಚ್ಚುವ ಟೊಪ್ಪಿಗೆಯನ್ನು ಆರಿಸಿಕೊಂಡಿದ್ದ; ಗದ್ದವನ್ನು ಕಾಯದ ಆ ಶಿರಸ್ತ್ರಾಣ ಕನ್ನಡಿಯ ಮುಂದೆ ನಿಲ್ಲುವವರಿಗೆ ಸರಿ. ತಂಗಿಯೊಬ್ಬಳು ತನ್ನ ಮೊದಲ ಸಂಬಳದಲ್ಲಿ ಮುಖವನ್ನೆಲ್ಲ ಮುಚ್ಚುವ ಹೆಲ್ಮೆಟ್ ತಂದುಕೊಟ್ಟ ಮೇಲೆ ಅದು ಮೂಲೆ ಸೇರಿತು.

ಸಾಲದ ಕೊನೆಯ ಕಂತು ತೀರಿದ್ದು 2020ರ ಕೊನೆಯಲ್ಲಿ. ಅದೇ ತಿಂಗಳು ಶೋರೂಮುಗಳಿಂದ ಫೋನು ಬರತೊಡಗಿದವು. ಹಳೆಯದಕ್ಕೆ ಒಳ್ಳೆಯ ಬೆಲೆ ಕಟ್ಟುತ್ತೇವೆ, 350 ಸಿ.ಸಿ.ಯ ಹೊಸ ಕ್ರೂಸರ್ ಬಂದಿದೆ, ಮೂರು ವರ್ಷ ಓಡಿಸಿದವರು ಈಗ ಮೇಲಿನದಕ್ಕೆ ಹೋಗುವ ಕಾಲ ಎಂದು. 1987ರ ಅಮೆರಿಕೆಯ ಉಪಾಯ ಭಾಷೆ ಬದಲಿಸಿ ಹುಬ್ಬಳ್ಳಿಗೆ ಬಂದಿತ್ತು. ಆ ವರ್ಷ ಲಾಕ್‌ಡೌನಿನಲ್ಲಿ ಅಂಗಡಿಯ ವ್ಯಾಪಾರ ಕುಸಿದಿತ್ತು. ಆದರೂ ಯುವಕ ಹೋಗಿ ಹೊಸ ಗಾಡಿಯನ್ನು ಓಡಿಸಿ ನೋಡಿದ. ಹತ್ತೊಂಬತ್ತು ಅಶ್ವಶಕ್ತಿಯಿದ್ದದ್ದು ಇಪ್ಪತ್ತಾಗುತ್ತಿತ್ತು. ತೂಕ ಒಂದೂವರೆ ಕ್ವಿಂಟಲಿನಿಂದ 191 ಕಿಲೋಗ್ರಾಮಿಗೆ ಏರುತ್ತಿತ್ತು. ಆಸನ 765 ಮಿಲಿಮೀಟರಿಗೆ ಎತ್ತರವಾಗುತ್ತಿತ್ತು. ಓಡಿಸುವ ಹದ ನಿಜವಾಗಿಯೂ ಮೇಲಾಗಿತ್ತು, ನಡುಕ ಕಡಿಮೆ, ಬ್ರೇಕು ಚೆನ್ನಾಗಿತ್ತು. ಆದರೆ ನಿಂತಾಗ ಅವನ ಹಿಮ್ಮಡಿಗಳು ಮತ್ತೆ ನೆಲ ಬಿಟ್ಟು ಎದ್ದವು. ಯಾವ ಕಾರಣಕ್ಕಾಗಿ ಈ ವರ್ಗದ ಗಾಡಿಯನ್ನು ಆರಿಸಿದ್ದನೋ ಆ ಕಾರಣವೇ ಮೇಲಿನ ಮೆಟ್ಟಿಲಿನಲ್ಲಿ ಇರಲಿಲ್ಲ. ಅವನು ಕಾಗದಕ್ಕೆ ಸಹಿ ಹಾಕದೆ ಬಂದ.

ಆ ಹಣದಲ್ಲಿ ಅರ್ಧಕ್ಕೂ ಕಡಿಮೆ ಬೆಲೆಗೆ ಗೇರಿಲ್ಲದ ಹೊಸ ಸ್ಕೂಟರೊಂದು ಮನೆಗೆ ಬಂದಿತು. ತಂಗಿ ಅದನ್ನು ಓಡಿಸಲು ಕಲಿತಳು. ತಾಯಿ ಆಟೋ ಬಿಟ್ಟು ಮಗಳ ಹಿಂದೆ ಕುಳಿತು ಬಸದಿಗೆ ಹೋಗತೊಡಗಿದರು. ಕ್ರೂಸರಿನ ಆಸನಕ್ಕೆ ಕೊಪ್ಪೀಕರ ರಸ್ತೆಯ ಬಳಿಯ ಕುಶನ್ ಕೆಲಸದವನಿಂದ ಗಟ್ಟಿ ಸ್ಪಂಜು ಹಾಕಿಸಲಾಯಿತು. ಸೊಂಟಕ್ಕೆ ಸ್ವಲ್ಪ ಹಿತವಾಯಿತು, ಪೂರ್ತಿಯಲ್ಲ.

ತಂದೆ ಮದುವೆಗೆ ಮುಂಚೆ ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿ ಒಂದನ್ನು ಓಡಿಸುತ್ತಿದ್ದರು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅವರ ಗಾಡಿ ಅದಕ್ಕೂ ಮೊದಲೇ, ಅಂಗಡಿಯ ವಿಭಾಗವಾದಾಗ, ಮಾರಾಟವಾಗಿತ್ತು. ಅದರ ಮಾತನ್ನು ಅವರು ಮಕ್ಕಳೆದುರು ಆಡಿದ್ದು ಕಡಿಮೆ. ಈಚಿನ ವರ್ಷಗಳಲ್ಲಿ ಅವರ ಮಂಡಿಗಳು ನೋಯುತ್ತವೆ, ಎತ್ತರದ ಯಾವ ಗಾಡಿಯ ಮೇಲೂ ಕಾಲು ಹಾಯಿಸಲಾಗುವುದಿಲ್ಲ. ಒಂದು ಭಾನುವಾರ ಬೆಳಿಗ್ಗೆ ಅವರು ಕ್ರೂಸರಿನ ಕೀಲಿ ಕೇಳಿದರು. ಅಂಗಳದಲ್ಲಿ ನಿಂತು, ಆಸನವನ್ನು ಹಿಡಿದು, ಕಾಲನ್ನು ಸುಲಭವಾಗಿ ಆಚೆಗೆ ಹಾಯಿಸಿದರು. ಯೆಜ್ಡಿಯಲ್ಲಿ ಗೇರಿನ ಸರಳನ್ನೇ ಹಿಂದಕ್ಕೆ ತಿರುಗಿಸಿ ಕಿಕ್ ಮಾಡುವ ವ್ಯವಸ್ಥೆ. ಕೂತ ಮೇಲೆ ಅವರ ಎಡಗಾಲು ಆ ಸರಳನ್ನು ಹುಡುಕುತ್ತ ಸ್ವಲ್ಪ ಹೊತ್ತು ಗಾಳಿಯಲ್ಲಿ ಆಡಿತು. ಮಗ ಹತ್ತಿರ ಬಂದು, "ಅದಿಲ್ಲಪ್ಪಾಜಿ, ಬಟನ್ ಐತಿ," ಎಂದು ಹ್ಯಾಂಡಲ್ಲಿನ ಬಲಬದಿಯನ್ನು ತೋರಿಸಿದ.